ಎರಡನೇ ಪರೀಕ್ಷೆ

ಕಡಿಮೆ ಗ್ಯಾಸ್ ಉರಿಸಿ ಎಂದು ಜನರಿಗೆ ಬುದ್ಧಿ ಹೇಳುವುದಕ್ಕೆ ಗ್ಯಾಸ್ ಕಂಪನಿಯೇ ನನಗೆ ಸಂಬಳ ಕೊಡುತ್ತದೆ. ಕೇಳಿದವರು ನಗುತ್ತಾರೆ. ಹೋಟೆಲಿನವನೇ ಬಾಗಿಲಲ್ಲಿ ನಿಂತು ಕಡಿಮೆ ತಿನ್ನಿ ಎಂದ ಹಾಗಾಯಿತಲ್ಲ ಎನ್ನುತ್ತಾರೆ. ನಗಲಿ. ಊರು ಬೆಳೆಯುತ್ತಿದೆ, ನೆಲದಡಿಯ ಕೊಳವೆ ಹಳೆಯದು. ಪ್ರತಿ ಮನೆಯೂ ಒಂದಿಷ್ಟು ಉಳಿಸಿದರೆ ಹೊಸ ಕೊಳವೆಗಾಗಿ ರಸ್ತೆ ಅಗೆಯುವುದು ತಪ್ಪುತ್ತದೆ. ಆ ಉಳಿತಾಯದ ಯೋಜನೆ ಬರೆದವನು ನಾನು.

ಯೋಜನೆ ಸರಳವಾಗಿತ್ತು. ಚಳಿಗಾಲ ಶುರುವಾಗುವ ಮುಂಚೆ ಹಳೆಯ ಮನೆಗಳಿಗೆ ಹೋಗುವುದು, ಕಿಟಕಿ ಬಾಗಿಲುಗಳ ಸಂದುಗಳಿಗೆ ರಬ್ಬರ್ ಪಟ್ಟಿ ಬಡಿಯುವುದು, ಗೋಡೆಯ ಬಿರುಕುಗಳಿಗೆ ಒಣಗಿ ಗಟ್ಟಿಯಾಗುವ ನೊರೆ ತುಂಬುವುದು. ಬಿಸಿ ಒಳಗೇ ನಿಂತರೆ ಗ್ಯಾಸ್ ಹೀಟರ್ ಕಡಿಮೆ ಉರಿಯುತ್ತದೆ. ಆದರೆ ಈ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ಕ್ರಮವಿದೆ. ಹೀಟರಿನ ಹೊಗೆ ಚಿಮಣಿ ಕೊಳವೆಯಲ್ಲಿ ಸರಿಯಾಗಿ ಮೇಲಕ್ಕೆ ಹೋಗುತ್ತಿದೆಯೇ ಎಂದು ಎರಡು ಸಲ ಪರೀಕ್ಷಿಸಬೇಕು. ಸಂದು ಮುಚ್ಚುವ ಮೊದಲು ಒಂದು ಸಲ, ಮುಚ್ಚಿದ ಮೇಲೆ ಮನೆಯ ಫ್ಯಾನುಗಳನ್ನೆಲ್ಲ ಹಾಕಿ ಇನ್ನೊಂದು ಸಲ. ಮುಚ್ಚಿದ ಮನೆಯಿಂದ ಫ್ಯಾನು ಗಾಳಿಯನ್ನು ಹೊರಗೆ ಎಳೆದರೆ, ಆ ಗಾಳಿಯ ಬದಲಿಗೆ ಹೀಟರಿನ ಹೊಗೆಯೇ ಕೊಳವೆಯಿಂದ ಕೆಳಗಿಳಿದು ಮನೆಯೊಳಗೆ ಬರಬಹುದು. ಅದರಲ್ಲಿರುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಎರಡನೇ ಪರೀಕ್ಷೆಗೆ ಒಂದೂವರೆ ಗಂಟೆ ಬೇಕು. ನಮ್ಮ ಮುಖ್ಯಸ್ಥೆ ಎಲ್ಲವನ್ನೂ ನೂರಕ್ಕೆ ಇಷ್ಟು ಎಂದೇ ಕೇಳುವವರು, ಅದಕ್ಕೇ ನಾವೆಲ್ಲ ಅವರನ್ನು ಬೆನ್ನ ಹಿಂದೆ ಶೇಕಡಾ ಮೇಡಂ ಎನ್ನುತ್ತೇವೆ. ಕೆಲಸ ಶುರುವಾಗುವ ಮುಂಚೆಯೇ ಅವರು ವಾರಕ್ಕೆ ಹನ್ನೆರಡು ಮನೆ ಸಾಲದು, ಇಪ್ಪತ್ತು ಆಗಬೇಕು ಎಂದರು. ನಾನು ತಲೆಯಾಡಿಸಿ ಬಂದೆ. ಕೆಲಸದ ತಂಡಗಳ ಮೇಸ್ತ್ರಿ ಇಪ್ಪತ್ತೆಂಟು ವರ್ಷ ಸರ್ವೀಸಾದವರು. ಅವರು ನನ್ನ ಮೇಜಿನ ಮುಂದೆ ನಿಂತು, "ಸಾರ್, ಇಪ್ಪತ್ತು ಮನೆ ಮಾಡಬೋದು. ಎರಡನೇ ಪರೀಕ್ಷೆ ಮಾಡಕ್ಕಾಗಲ್ಲ. ಎರಡೂ ಬೇಕು ಅಂದ್ರೆ ದಿನಕ್ಕೆ ಮೂವತ್ತು ಗಂಟೆ ಕೊಡಿ," ಎಂದಿದ್ದರು. ನಾನು ನಕ್ಕು, ಹೇಗಾದರೂ ಹೊಂದಿಸಿಕೊಳ್ಳಿ ಎಂದೆ. ಅವರು ಹೊಂದಿಸಿಕೊಂಡರು. ತಂಡದವರು ವ್ಯಾನಿನಲ್ಲಿ ಕೂತು, ಮೊದಲನೇ ಪರೀಕ್ಷೆಯ ಅಂಕಿಯನ್ನೇ ಒಂದೆರಡು ಹೆಚ್ಚು ಕಡಿಮೆ ಮಾಡಿ ಫಾರಮ್ಮಿನ ಎರಡನೇ ಖಾನೆಗೆ ತುಂಬತೊಡಗಿದರು. ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಾಗದ ಹಾಗೆ ನೋಡಿಕೊಂಡಿದ್ದೆ.

ಚಳಿ ಜೋರಾದ ಮೇಲೆ ಒಂದು ದಿನ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಅಕ್ಕ ಮನೆಯಲ್ಲೇ ಎರಡು ಯಂತ್ರ ಇಟ್ಟುಕೊಂಡು ಆಸ್ಪತ್ರೆಗಳ ಹೊದಿಕೆ ಒಗೆದು ಒಣಗಿಸಿ ಕೊಡುತ್ತಾಳೆ. ಭಾವ ತೀರಿಕೊಂಡ ಮೇಲೆ ಮಗಳನ್ನು ಓದಿಸುತ್ತಿರುವುದು ಅದರಿಂದಲೇ. ತಮ್ಮನ ಯೋಜನೆ ಎಂದು ಮೊದಲ ಪಟ್ಟಿಯಲ್ಲೇ ಅವಳ ಮನೆ ಸೇರಿಸಿದ್ದೆ.

"ಮೂರು ದಿನದಿಂದ ತಲೆ ಸಿಡೀತಿದೆ ಕಣೋ. ಊಟ ಕಂಡ್ರೆ ವಾಕರಿಕೆ. ಸ್ವಲ್ಪ ಕಿಟಕಿ ತೆಗೀಲಾ?"

"ತೆಗಿ, ಬೀದಿನೆಲ್ಲ ಬೆಚ್ಚಗೆ ಮಾಡು. ನನ್ನ ಯೋಜನೆ ಹಳ್ಳ ಹಿಡೀಲಿ," ಎಂದೆ.

"ಅಯ್ಯೋ ಬೇಡಪ್ಪ. ನಿನ್ನ ಮರ್ಯಾದೆ ಪ್ರಶ್ನೆ," ಎಂದು ನಕ್ಕಳು. "ಮಾತ್ರೆ ನುಂಗ್ತೀನಿ ಬಿಡು."

ಹನ್ನೊಂದು ಗಂಟೆಗೆ ಮೇಸ್ತ್ರಿ ಬಂದರು. ಯಾವತ್ತೂ ಬಾಗಿಲು ಬಡಿದು ಒಳಗೆ ಬರುವವರು ಅಂದು ನೇರವಾಗಿ ಬಂದರು.

"ಸಾರ್, ಪೂರ್ವದ ಬಡಾವಣೇಲಿ ಒಂದು ಮನೆಯವರೆಲ್ಲ ವಾಂತಿ ಮಾಡ್ಕೊಂಡು ಆಸ್ಪತ್ರೆ ಸೇರಿದಾರೆ. ನಾನೇ ಹೋಗಿ ಪರೀಕ್ಷೆ ಮಾಡ್ದೆ. ಅಡುಗೆಮನೆ ಫ್ಯಾನ್ ಹಾಕ್ದೆ, ಏನೂ ಆಗಲಿಲ್ಲ. ಆಮೇಲೆ ಅವರ ಬಟ್ಟೆ ಒಣಗಿಸೋ ಡ್ರೈಯರ್ ಹಾಕ್ದೆ ನೋಡಿ, ಹೊಗೆ ಪೂರ್ತಿ ಒಳಕ್ಕೇ ಬಂತು. ಡ್ರೈಯರ್ ಕೂಡ ಗಾಳಿನ ಆಚೆಗೆ ತಳ್ಳುತ್ತಲ್ಲ. ನಮ್ಮ ಫಾರಮ್ಮಲ್ಲಿ ಅದರ ಮಾತೇ ಇಲ್ಲ."

ಫಾರಮ್ ಬರೆದವನೂ ನಾನೇ. ಅಡುಗೆಮನೆಯ ಫ್ಯಾನು, ಬಚ್ಚಲಿನ ಫ್ಯಾನು, ಎರಡೇ ಸಾಲು. ಅಕ್ಕನ ಮನೆಯಲ್ಲಿ ಡ್ರೈಯರ್ ಬೆಳಗಿನಿಂದ ಸಂಜೆಯವರೆಗೆ ತಿರುಗುತ್ತದೆ.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಅಕ್ಕ ಫೋನನ್ನು ಮೈಗಂಟಿಸಿಕೊಂಡೇ ಕೆಲಸ ಮಾಡುವವಳು, ಎರಡನೇ ರಿಂಗಿಗೆ ಎತ್ತುವವಳು. ಮೂರು, ನಾಲ್ಕು, ಐದು ಸಲ ಮಾಡಿದೆ. ಮೇಸ್ತ್ರಿ ನನ್ನ ಮುಖ ನೋಡಿ ವ್ಯಾನಿನ ಕೀಲಿ ತೆಗೆದುಕೊಂಡರು.

ದಾರಿಯುದ್ದಕ್ಕೂ ಕೆಂಪು ದೀಪ. ಮೇಸ್ತ್ರಿ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಆಂಬುಲೆನ್ಸಿಗೆ ಹೇಳಿದರು. ನಾನು ನಮ್ಮ ಕಂಪನಿಯ ತುರ್ತು ನಂಬರಿಗೆ ಮಾಡಿದೆ. ಆ ಬೀದಿಯ ಹತ್ತಿರ ಯಾವುದಾದರೂ ರಿಪೇರಿ ತಂಡ ಇದ್ದರೆ ಎರಡು ನಿಮಿಷದಲ್ಲಿ ಹೋಗಿ ಗ್ಯಾಸ್ ನಿಲ್ಲಿಸಬಹುದಿತ್ತು. ಫೋನಿನಲ್ಲಿ ಒಬ್ಬ ಹೆಂಗಸಿನ ಸಿಹಿ ದನಿ ಬಂತು: ನಿಮಗೆ ಗೊತ್ತೇ, ಬಾಗಿಲ ಸಂದಿನಿಂದ ಸೋರುವ ಬಿಸಿಯೇ ನಿಮ್ಮ ಬಿಲ್ಲನ್ನು ಹೆಚ್ಚಿಸುತ್ತದೆ. ಆ ಮಾತುಗಳನ್ನು ಬರೆದುಕೊಟ್ಟವನು ನಾನು. ಕಾಯುವ ಗ್ರಾಹಕರ ಸಮಯ ವ್ಯರ್ಥವಾಗಬಾರದು ಎಂದು ತುರ್ತು ನಂಬರಿಗೂ ಅದನ್ನು ಹಾಕಿಸಿದವನೂ ನಾನು. ನಾಲ್ಕು ಸಲಹೆಗಳಿವೆ, ಮಧ್ಯೆ ಸಂಗೀತವಿದೆ. "ಸಾಕು ನಿಲ್ಲಿಸೇ!" ಎಂದು ಆ ದನಿಗೆ ಕಿರುಚಿದೆ. ಅದು ಮೂರನೇ ಸಲಹೆಗೆ ಹೋಯಿತು.

ಕೊನೆಗೆ ಒಬ್ಬ ಮನುಷ್ಯ ಸಿಕ್ಕಿದ. ಹತ್ತಿರದಲ್ಲಿ ಯಾವ ತಂಡವೂ ಇಲ್ಲ ಎಂದ. ಅಕ್ಕನ ಎದುರು ಮನೆಯವರಿಗೆ ಹೇಳೋಣವೆಂದರೆ ಅವರ ನಂಬರಿಲ್ಲ. ಆ ಬೀದಿಯ ಒಂದೊಂದು ಮನೆಯೂ ಮೂರು ವರ್ಷದಲ್ಲಿ ಎಷ್ಟು ಗ್ಯಾಸ್ ಉರಿಸಿದೆ ಎಂದು ಬಾಯಿಪಾಠ ಒಪ್ಪಿಸಬಲ್ಲೆ, ಒಬ್ಬರ ಹೆಸರೂ ಗೊತ್ತಿಲ್ಲ. ಥೂ ನನ್ನ ಜನ್ಮಕ್ಕೆ ಎಂದುಕೊಂಡೆ.

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಹಳೇ ಬಾಗಿಲಾಗಿದ್ದರೆ ಒಂದು ಒದೆತಕ್ಕೆ ಅಲುಗಾಡುತ್ತಿತ್ತು. ನಮ್ಮವರು ಎಷ್ಟು ಭದ್ರ ಮಾಡಿದ್ದರೆಂದರೆ ಅದು ಮಿಸುಕಲಿಲ್ಲ. "ಅಕ್ಕಾ! ಅಕ್ಕಾ!" ಎಂದು ಕೂಗಿದೆ. ಒಳಗೆ ಡ್ರೈಯರ್ ತಿರುಗುತ್ತಿರುವ ಸದ್ದು ಮಾತ್ರ ಕೇಳುತ್ತಿತ್ತು. ಮೇಸ್ತ್ರಿ ಸ್ಪ್ಯಾನರಿನಿಂದ ಕಿಟಕಿಯ ಗಾಜು ಒಡೆದು ಒಳಕ್ಕೆ ಹಾರಿದರು. ಅವರ ಸೊಂಟದಲ್ಲಿದ್ದ, ವಿಷಾನಿಲ ಅಳೆಯುವ ಯಂತ್ರ ಒಂದೇ ಸಮನೆ ಚೀರತೊಡಗಿತು. "ಉಸಿರು ಬಿಗಿ ಹಿಡ್ಕೊಂಡ್ ಬನ್ನಿ ಸಾರ್!" ಎನ್ನುತ್ತಾ ಹೀಟರಿನ ವಾಲ್ವ್ ತಿರುಗಿಸಲು ಓಡಿದರು.

ಅಕ್ಕ ಡ್ರೈಯರಿನ ಮುಂದೆ, ಮಡಿಸಿದ ಬಿಳಿ ಹೊದಿಕೆಗಳ ಮೇಲೆ ಮುಖ ಅಡಿಯಾಗಿ ಬಿದ್ದಿದ್ದಳು. ಕೆನ್ನೆ ಕೆಂಪಗಿತ್ತು. ಅವಳನ್ನು ಹೊದಿಕೆ ಸಮೇತ ಬಾಗಿಲಿನವರೆಗೆ ಎಳೆದೆ, ಚಿಲಕ ತೆಗೆದು ಹೊರಗೆ ಮೆಟ್ಟಿಲ ಮೇಲೆ ಮಲಗಿಸಿದೆ. ಅವಳ ಬಾಯಿಯ ಹತ್ತಿರ ಕಿವಿಯಿಟ್ಟೆ. ಉಸಿರಿತ್ತು, ಇದ್ದೂ ಇಲ್ಲದ ಹಾಗೆ. ನಾನು ಅಲ್ಲೇ ಕೂತು ಗೊಳೋ ಎಂದು ಅತ್ತೆ. ಮೇಸ್ತ್ರಿ ಅಳಲಿಲ್ಲ. ಅವಳ ಕಾಲ ಬಳಿ ಕೂತು, ಇನ್ನು ಅದರಿಂದ ಉಪಯೋಗವಿಲ್ಲವೆಂದು ಗೊತ್ತಿದ್ದೂ ಆ ಯಂತ್ರದ ಅಂಕಿಯನ್ನು ಮತ್ತೆ ಮತ್ತೆ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಹೆಚ್ಚು ಮಾತಾಡಲಿಲ್ಲ. "ಜೀವಕ್ಕೆ ಏನೂ ಆಗಲ್ಲ ಅನ್ಸುತ್ತೆ. ಆದ್ರೆ ಎಷ್ಟು ಹೊತ್ತು ಅದನ್ನೇ ಉಸಿರಾಡಿದಾರೋ ಗೊತ್ತಿಲ್ಲ. ಎಚ್ಚರ ಆಗ್ಲಿ, ಮಿದುಳಿಗೆ ಏನಾಗಿದೆ ಅಂತ ಆಮೇಲೆ ಹೇಳ್ತೀನಿ." ಅಕ್ಕನ ಮಗಳು ಕಾಲೇಜಿನಿಂದ ಹಾಗೇ ಓಡಿ ಬಂದಳು. ಬೆನ್ನ ಚೀಲ ಕೂಡ ಇಳಿಸದೆ, "ಮಾಮ, ಏನಾಯ್ತು? ಯಾಕಾಯ್ತು?" ಎಂದು ನನ್ನ ತೋಳು ಹಿಡಿದಳು. ಹೀಟರ್ ಕೆಟ್ಟಿತ್ತು ಎಂದೆ. ಆ ಕ್ಷಣದಲ್ಲೂ ಸುಳ್ಳೇ ಬಾಯಿಗೆ ಬಂತು.

ಶೇಕಡಾ ಮೇಡಂಗೆ ಫೋನ್ ಮಾಡಿ, ನಾವು ಮುಚ್ಚಿದ ನೂರ ಅರವತ್ತಮೂರು ಮನೆಗಳಿಗೂ ಕೂಡಲೇ ಗ್ಯಾಸ್ ನಿಲ್ಲಿಸಬೇಕು ಎಂದೆ.

"ಈ ಚಳೀಲಿ? ಮಕ್ಕಳು ಮರಿ ಇರೋ ಮನೆಗಳು ಕಣ್ರೀ. ಎರಡನೇ ಪರೀಕ್ಷೆ ಆಗಿದೆ ಅಂತ ಕಾಗದದಲ್ಲಿದೆ ತಾನೇ?"

"ಆಗಿಲ್ಲ ಮೇಡಂ. ಒಂದು ಮನೇಲೂ ಆಗಿಲ್ಲ."

"ನಾಳೆ ಬೆಳಿಗ್ಗೆ ಮೀಟಿಂಗ್ ಕರೀತೀನಿ," ಎಂದರು.

ನಾಳೆಯವರೆಗೆ ಕಾಯುವಂತಿರಲಿಲ್ಲ. ಯಾವ ಯಾವ ಮನೆಯಲ್ಲಿ ಡ್ರೈಯರ್ ಇದೆ? ಕಾಗದ ಹೇಳುವುದಿಲ್ಲ, ನಾವು ಕೇಳಿಯೇ ಇರಲಿಲ್ಲ. ಪ್ರತಿ ಬಾಗಿಲನ್ನೂ ಬಡಿಯಬೇಕು. ಮೇಸ್ತ್ರಿ ಊರಿನ ನಾಲ್ಕು ದಿಕ್ಕಿಗೆ ತಂಡಗಳನ್ನು ಕಳಿಸಿ, ಇನ್ನೊಂದು ಪಟ್ಟಿ ಹಿಡಿದು ನನ್ನ ಮುಂದೆ ನಿಂತರು. "ನೀವು ಅಕ್ಕನ ಹತ್ರ ಇರಿ ಸಾರ್. ನಾನು ಹೋಗ್ತೀನಿ."

ಗಾಜಿನಾಚೆ ಅಕ್ಕನ ಮುಖದ ಮೇಲೆ ಆಮ್ಲಜನಕದ ಮಾಸ್ಕ್ ಇತ್ತು. ಅಲ್ಲಿಂದ ಕದಲುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ. ಆದರೂ ಪಟ್ಟಿಯನ್ನು ಮೇಸ್ತ್ರಿಯ ಕೈಯಿಂದ ತೆಗೆದುಕೊಂಡು ಅರ್ಧ ಹರಿದು ವಾಪಸ್ ಕೊಟ್ಟೆ.

ಮೊದಲ ಮನೆಯಲ್ಲಿ ಬೈಸಿಕೊಂಡೆ. ಮೂರನೆಯದರಲ್ಲಿ ಒಬ್ಬ ಮುದುಕ, "ಹೋದ ತಿಂಗಳು ಬಂದು ಮುಚ್ಚಿದ್ರಿ, ಈ ತಿಂಗಳು ಬಂದು ಆರಿಸ್ತೀರಿ, ತಲೆ ನೆಟ್ಟಗಿದೆಯೇನ್ರಯ್ಯ?" ಎಂದ. ಇಲ್ಲ ಎಂದು ಹೇಳಿ ವಾಲ್ವ್ ತಿರುಗಿಸಿದೆ. ಆರನೆಯ ಮನೆಯಲ್ಲಿ, ವ್ಯಾನಿನಿಂದ ತಂದಿದ್ದ ಅಳತೆ ಯಂತ್ರ ಚೀರಿತು. ಅಲ್ಲಿ ಒಂದು ಮಗು ಮಲಗಿತ್ತು. ಎತ್ತಿಕೊಂಡು ಹೊರಗೆ ಬಂದಾಗ ಕಣ್ಣುಜ್ಜಿಕೊಂಡು ಅತ್ತಿತು. ಅಷ್ಟು ಒಳ್ಳೆಯ ಸದ್ದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

ಒಂಬತ್ತನೆಯ ಮನೆಯ ಬಾಗಿಲು ಬಡಿದು ಕಾಯುತ್ತಿದ್ದಾಗ ಅಕ್ಕನ ಮಗಳ ಫೋನ್ ಬಂತು.

"ಮಾಮ, ಅಮ್ಮಂಗೆ ಎಚ್ಚರ ಆಯ್ತು."

"ಹೌದಾ? ಮಾತಾಡಿದ್ಲಾ? ಏನಂದ್ಲು?"

ಅವಳು ಮೂಗೆಳೆದುಕೊಂಡ ಸದ್ದು ಕೇಳಿಸಿತು.

"ನನ್ನ ನೋಡಿ ನಕ್ಕಳು. ಯಾರ ಮಗಳಮ್ಮ ನೀನು, ಇಷ್ಟು ಹೊತ್ತಾಯ್ತು, ನಿಮ್ಮಮ್ಮ ಕಾಯ್ತಿರಲ್ವಾ, ಮನೆಗೆ ಹೋಗು ಅಂದ್ಲು. ಮಾಮ, ನಾನೀಗ ಏನ್ ಮಾಡ್ಲಿ?"

ಬಾಗಿಲು ತೆರೆಯಿತು. ಒಬ್ಬ ಹೆಂಗಸು ನನ್ನ ಮುಖ ನೋಡಿ ಗಾಬರಿಯಾಗಿ, "ಯಾರಪ್ಪ? ಯಾಕಳ್ತಿದೀಯಾ?" ಎಂದು ಕೇಳಿದಳು. ಫೋನನ್ನು ಕಿವಿಯಿಂದ ತೆಗೆಯದೆಯೇ, ನಿಮ್ಮ ಹೀಟರ್ ಎಲ್ಲಿದೆ ತೋರಿಸಿ ತಾಯಿ ಎಂದೆ.