ಸುಮನಳಿಗೊಂದು ಬೇರೆ ಲೋಟ

ಮೇಲವಂಕಿಯ ಉದ್ದವ್ವನ ಸೊಸೆ ಸುಮನಳಿಗೆ ಬೆಳಗಾದರೆ ಮುಖ ಊದಿಕೊಳ್ಳುತ್ತಿತ್ತು. ಕಾಲು ಒತ್ತಿದರೆ ಕುಳಿ ಬೀಳುತ್ತಿತ್ತು. ಓಣಿಯ ಹೆಂಗಸರು ಮೊದಲು ಅವಳು ದಪ್ಪಗಾಗಿದ್ದಾಳೆಂದು ತಿಳಿದು, "ಮೈ ಹಿಡದಾಳ ಬಿಡವಾ" ಎಂದು ನಕ್ಕರು. ಆಸ್ಪತ್ರೆಯಲ್ಲಿ ಕಿಡ್ನಿ ರೋಗವೆಂದು ಗೊತ್ತಾದ ಮೇಲೆ ಅದೇ ಬಾಯಿಗಳು, "ಅಂಟುರೋಗ ಇದ್ದೀತು, ದೂರ ಇರ್ರಿ" ಎಂದವು. ನಾಚಿಕೆಯಾಗಬೇಕು! ಉದ್ದವ್ವ ಆ ಮಾತು ನಂಬಿ ಸೊಸೆಗೆ ತಾಟು, ಲೋಟ ಬೇರೆ ಮಾಡಿ ಹೊರಗಿನ ಗೂಡಿನಲ್ಲಿಟ್ಟಳು. ಮೊಮ್ಮಗಳನ್ನು ತಾಯಿಯ ಹತ್ತಿರ ಸುಳಿಯಗೊಡಲಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಗುಳಿಗೆಯಿಂದ ಮುಖ ಗುಂಡಗಾಯಿತೆಂದು ಅದನ್ನೂ ಬಿಡಿಸಿದಳು. ಗುಳಿಗೆಯಿಂದ ಇಳಿದಿದ್ದ ಕಾಲಿನ ಬಾವು ಮತ್ತೆ ಏರಿತು. ಗಂಡ ಸಾಗರನೋ, ತುಟಿ ಪಿಟಕ್ಕೆನ್ನಲಿಲ್ಲ. ಮನೆಯ ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂದು ಉದ್ದವ್ವ ತಿಳಿದಿದ್ದಳು.

ಒಂದು ದಿನ ಉದ್ದವ್ವನ ತಮ್ಮನ ಮಗಳು ನಂದಿನಿ ಬಂದಳು. ಆಕೆ ಹುಕ್ಕೇರಿಯಲ್ಲಿ ನರ್ಸ್. ಉದ್ದವ್ವ ಚಹಾ ಮಾಡಿದಳು. ಕಟ್ಟೆಯ ಮೇಲೆ ಕುಳಿತಿದ್ದ ಸುಮನಳ ಲೋಟಕ್ಕೆ ಮಾತ್ರ ಪಾತ್ರೆ ಮುಟ್ಟಿಸದೆ, ಮೇಲಿನಿಂದ ಸುರಿದಳು.

ನಂದಿನಿಯ ಕಣ್ಣು ಕೆಂಪಾಯಿತು. "ಅತ್ತಿ, ಇದೇನಿದು?"

"ಆಕಿಗೆ ರೋಗ ಐತೆಲ್ಲವಾ. ಕೂಸಿಗೆ ಹತ್ತಿದ್ರ?"

"ಇದು ಯಾರಿಗೂ ಹತ್ತೂದಿಲ್ಲ. ಆಕಿ ಆಸ್ಪತ್ರಿ ಚೀಟಿ ನಾ ನೋಡೇನಿ. ಅಪರೂಪದ ರೋಗ, ಲೂಪಸ್ ಅಂತಾರ. ಮೈ ಕಾಯೂ ಶಕ್ತಿನ ತಿರುಗಿಬಿದ್ದು ಆಕಿ ಕಿಡ್ನಿ ಹಾಳ ಮಾಡಾಕತ್ತೈತಿ. ಒಂದ ಲೋಟದಾಗ ಕುಡದ್ರ ಬರೂದಲ್ಲ."

"ಮತ್ತ ಗುಳಿಗಿ ನುಂಗಿ ಮಾರಿ ಯಾಕ ಊದಿತು? ಅದಕ್ಕ ಬಿಡಿಸೇನಿ."

"ಕೆಲವು ಗುಳಿಗಿಗೆ ಹಂಗ ಆಗತೈತಿ. ಡಾಕ್ಟರ್ ಗುಳಿಗಿ ಕಡಿಮಿ ಮಾಡಿದಂಗ ಅದೂ ಇಳೀತೈತಿ. ಕಿಡ್ನಿ ಪೂರಾ ಹೋದ್ರ ತಿರುಗಿ ಬರೂದಿಲ್ಲ ಅತ್ತಿ! ಡಾಕ್ಟರನ್ನ ಕೇಳದ ಗುಳಿಗಿ ಬಿಡಿಸಾಕ ನೀ ಯಾರು?"

ಉದ್ದವ್ವನಿಗೆ ಸಿಟ್ಟು ನೆತ್ತಿಗೇರಿತು. "ನನ್ನ ಮನ್ಯಾಗ ನಂಗ ಬುದ್ಧಿ ಹೇಳಾಕ ಬಂದಿ?"

"ಹೌದು, ಬಂದೇನಿ. ಬಾಬಾಸಾಹೇಬರ ಜಯಂತಿ ಬಂದಾಗೆಲ್ಲ ನೀ ಏನ ಹೇಳ್ತಿ? ಸಂತಿ ಹೋಟೆಲಿನಾಗ ನಿಮ್ಮಪ್ಪಗ ಲೋಟ ಬ್ಯಾರೆ ಇಟ್ಟಿದ್ರು, ಮ್ಯಾಲಿಂದ ಚಹಾ ಸುರೀತಿದ್ರು ಅಂತ ಹೇಳಿ ಅಳ್ತಿ. ಈಗ ನೀ ಹೆಂಗ ಸುರದಿ?"

ಉದ್ದವ್ವ ಸೊಸೆಯ ಕಡೆ ತಿರುಗಿದಳು. ಸುಮನ ತಲೆ ಬಗ್ಗಿಸಿ ಕುಳಿತಿದ್ದಳು. ಅಪ್ಪನೂ ಹೀಗೇ ತಲೆ ಬಗ್ಗಿಸಿ ಕುಡಿಯುತ್ತಿದ್ದ. ಉದ್ದವ್ವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಸುಮನಳ ಕೈಯಿಂದ ಲೋಟ ತೆಗೆದುಕೊಂಡು ಉಳಿದ ಚಹಾ ತಾನೇ ಕುಡಿದಳು.

"ತಪ್ಪಾತವಾ" ಎಂದಳು. "ಏಳು, ಡಾಕ್ಟರ ಕಡೆ ಹೋಗೂಣು. ನಾನೂ ಬರ್ತೇನಿ."

ಮೊಮ್ಮಗಳು ಓಡಿಬಂದು ತಾಯಿಯ ತೊಡೆ ಏರಿದಳು. ಯಾರೂ ತಡೆಯಲಿಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮುಖ, ಕಾಲು ಊದಿದರೆ, ಮೂತ್ರ ನೊರೆನೊರೆಯಾಗಿ ಅಥವಾ ಕೆಂಪಾಗಿ ಬಂದರೆ "ಮೈ ಹಿಡದಾಳ" ಎಂದು ಸುಮ್ಮನಿರಬೇಡಿ. ಮೂತ್ರ, ರಕ್ತ, ಬಿ.ಪಿ. ತಪಾಸಣೆ ಮಾಡಿಸಿ. ಡಾಕ್ಟರು ಕೊಟ್ಟ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅವರನ್ನು ಕೇಳದೆ ನೋವಿನ ಗುಳಿಗೆ ನುಂಗಬೇಡಿ. ನಿಮ್ಮ ಮನೆಯ ಗೂಡಿನಲ್ಲೂ ಇಂಥ ರೋಗಿಗೆಂದು ಬೇರೆ ಲೋಟ ಇಟ್ಟಿದ್ದರೆ, ಇವತ್ತೇ ಅದನ್ನು ಒಳಗೆ ತನ್ನಿ.