ವಾರ್ಡಿನ ಬಾಗಿಲಲ್ಲಿ ನಮ್ಮವ್ವ

ನಮ್ಮವ್ವ ಲಗಮವ್ವನ ಬಾಯಿಗೆ ತೆಲಸಂಗದ ಅರ್ಧ ಊರು ಹೆದರುತ್ತದೆ. ಉಳಿದರ್ಧ ನಮ್ಮ ಬೀಗರು, ಅವರೂ ಹೆದರುತ್ತಾರೆ. ಆದರೆ ತೊಂಬತ್ತೊಂದನೇ ಇಸವಿಯಲ್ಲಿ ಅಥಣಿಯ ಆಸ್ಪತ್ರೆಯಲ್ಲಿ ಆಕೆಯನ್ನು ನೋಡಬೇಕಿತ್ತು.

ನನ್ನ ಹೆಂಡತಿ ಸತ್ತೆವ್ವನಿಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದರು. ಹೆಣ್ಣುಕೂಸು, ಗುಂಡುಗುಂಡಾಗಿತ್ತು. ನಮಗೆ ಮಾತ್ರ ಸಂತೋಷಕ್ಕಿಂತ ಭಯವೇ ಹೆಚ್ಚು. ಹಿಂದಿನ ವರ್ಷ ಬೇರೊಂದು ಊರಿನ ದವಾಖಾನೆಯಲ್ಲಿ ನನ್ನ ಅಕ್ಕ ದುಂಡವ್ವನೂ ಹೀಗೇ ಹೆತ್ತು, ಗಾಯ ಕೀವಾಗಿ, ಜ್ವರ ಏರಿ ತೀರಿಕೊಂಡಿದ್ದಳು.

"ಮುಟ್ಟೋರೆಲ್ಲ ಸೋಪು ಹಚ್ಚಿ ಕೈ ತೊಳಕೋರಿ. ಗಾಯದ ತಂಟೆಗಂತೂ ಯಾರೂ ಹೋಗಬ್ಯಾಡ್ರಿ" ಎಂದು ಡಾಕ್ಟರಬಾಯಿ ಹೇಳಿದ್ದೇ ತಡ, ಅವ್ವ ಕೊಡ, ತಂಬಿಗೆ, ಸೋಪು ಇಟ್ಟುಕೊಂಡು ವಾರ್ಡಿನ ಬಾಗಿಲಲ್ಲಿ ಕೂತುಬಿಟ್ಟಳು.

ನಮ್ಮಲ್ಲಿ ಬಾಣಂತಿಯನ್ನು ನೋಡಲು ಒಬ್ಬಿಬ್ಬರು ಬರುವುದಿಲ್ಲ. ಟ್ರ್ಯಾಕ್ಟರ್ ತುಂಬ ಬರುತ್ತಾರೆ, ಮಂಚದ ಮೇಲೇ ಕೂರುತ್ತಾರೆ, ಕೂಸನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಅವ್ವ ಒಬ್ಬೊಬ್ಬರನ್ನೇ ತಡೆದು ಕೈ ತೊಳೆಸಿದಳು. ನನ್ನ ಅತ್ತೆ ಮುಖ ಊದಿಸಿಕೊಂಡರೂ ಬಿಡಲಿಲ್ಲ.

ಕೊನೆಗೆ ಬಂದವನು ಅವ್ವನ ಅಣ್ಣ ಮಾಳಸಿದ್ದ ಮಾವ, ಬೀರಪ್ಪ ದೇವರ ಪೂಜಾರಿ. ಮೊಣಕೈತನಕ ದೇವರ ಭಂಡಾರ, ಅಂದರೆ ಪೂಜೆಯ ಅರಿಷಿಣದ ಪುಡಿ, ಮೆತ್ತಿತ್ತು. ಗಾಯಕ್ಕೆ ಆತ ಭಂಡಾರ ಹಚ್ಚಿದರೇ ನಮ್ಮ ಮಂದಿಗೆ ಸಮಾಧಾನ.

"ಹಣಿಗೆ ಹಚ್ಚಣ್ಣಾ, ಗಾಯಕ್ಕ ಬ್ಯಾಡ. ಅದಕ್ಕೂ ಮೊದಲ ಕೈ ತೊಳಕೋ" ಎಂದಳು ಅವ್ವ.

"ದೇವರ ಭಂಡಾರ ತೊಳೀ ಅಂತೀಯೇನ ಬೇ? ಇನ್ನ ನಿನ್ನ ಮನಿ ಹೊಸ್ತಲಾ ತುಳ್ಯಾಂಗಿಲ್ಲ ನೋಡ!"

ಅವ್ವ ಎದ್ದು ನಿಂತಳು.

"ರೋಗ ಬಿದ್ದ ಊರಿಂದ ಬಂದ ಕುರೀನ ನಮ್ಮ ಮರಿಗಳ ಹಟ್ಟಿಗೆ ಬಿಡ್ತೀಯೇನ? ದೇವರಿಗೆ ಬಿಟ್ಟ ಕುರಿ ಇದ್ರೂ ಹೊರಗ ಕಟ್ಟತಿ."

ಕುರಿ ಕಾಯ್ದೇ ಬೆಳೆದ ಕುರುಬ ಆತ; ಮಾತು ನಾಟಿತು. ಮಾವ ತನ್ನ ಅಂಗೈಗಳನ್ನೇ ನೋಡುತ್ತ ನಿಂತ. ಆಮೇಲೆ ದನಿ ಇಳಿಸಿ ಕೇಳಿದ:

"ಹಂಗಾದ್ರ ಲಗಮಿ, ದುಂಡವ್ವಗ ನಾನ..."

ದುಂಡವ್ವನ ಗಾಯಕ್ಕೂ ಆತನೇ ಅಳುತ್ತ ಭಂಡಾರ ಹಚ್ಚಿದ್ದ. ಅವ್ವ ಈಗ ಹೂಂ ಅಂದಿದ್ದರೂ ಸಾಕಿತ್ತು, ಮನುಷ್ಯ ಅಲ್ಲೇ ಕುಸಿಯುತ್ತಿದ್ದ. ಆಕೆಯ ನಾಲಿಗೆಯನ್ನು ಬಲ್ಲ ನನಗೆ ಜೀವ ಹಾರಿದಂತಾಯಿತು.

"ಅವತ್ತ ನಾವ್ಯಾರೂ ಕೈ ತೊಳಕೊಂಡಿದ್ದಿಲ್ಲಣ್ಣಾ" ಎಂದಳು ಅವ್ವ. "ಆಕಿನ್ನ ಹಡದಾಕಿ ನಾನೂ ತೊಳಕೊಂಡಿದ್ದಿಲ್ಲ."

ತಂಬಿಗೆ ಬಗ್ಗಿಸಿ ತಾನೇ ನೀರು ಹಾಕಿದಳು. ಮಾವ ಮೊಣಕೈತನಕ ಉಜ್ಜಿ ತೊಳೆದ. ಕಣ್ಣೊರೆಸಿಕೊಳ್ಳಲು ತೊಳೆದ ಕೈಯನ್ನು ಮುಖಕ್ಕೆ ಒಯ್ದ.

"ಮತ್ತ ಮಾರಿ ಮುಟ್ಟಿದಿ?" ಎಂದು ಗದರಿ, ಅವ್ವ ತನ್ನ ಸೆರಗಿನಿಂದ ಆತನ ಕಣ್ಣು ಒರೆಸಿದಳು.

ಸತ್ತೆವ್ವನ ಗಾಯ ಒಂದು ಹನಿ ಕೀವಿಲ್ಲದೆ ಮಾಯಿತು. ಇಂಥವಳ ಹೊಟ್ಟೆಯಲ್ಲಿ ಹುಟ್ಟಿದವನು ನಾನು ಎಂದು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ.