ಒಂದು ಗಟ್ಟಿ ಕೆಮ್ಮು

ಅವಳ ಗಂಡ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದ. ಅವಳಿಗೂ ಕಲಿಸಿದವನು ಅವನೇ. ತಾನೇ ಓಡಿಸಿದೆನೆಂದು ಅವಳು ಬೀಗಿದ ದಿನವೆಲ್ಲ ಅವನ ಕಾಲು ಅವನ ಕಡೆಯ ಇನ್ನೊಂದು ಬ್ರೇಕಿನ ಮೇಲೇ ಇತ್ತೆಂದು ಆಮೇಲೆ ಗೊತ್ತಾಗಿ, ಒಂದು ದಿನ ಮಾತು ಬಿಟ್ಟಿದ್ದಳು.

ಈಗ ಅವನು ನ್ಯುಮೋನಿಯಾ ಆಗಿ ಐಸಿಯುನಲ್ಲಿದ್ದ. ಬಾಯಲ್ಲಿ ಉಸಿರಿನ ಕೊಳವೆ, ಪಕ್ಕದಲ್ಲಿ ಯಂತ್ರ. ಜ್ವರ ಇಳಿದಿತ್ತು, ಕರೆದರೆ ಕಣ್ಣು ಬಿಡುತ್ತಿದ್ದ. ಆ ಬೆಳಿಗ್ಗೆ ಡಾಕ್ಟರು ಯಂತ್ರದ ಆಸರೆ ತಪ್ಪಿಸಿ, ತಾನಾಗಿಯೇ ಉಸಿರಾಡುತ್ತಾನೋ ನೋಡಲು ಬಿಟ್ಟಿದ್ದರು.

“ಯಂತ್ರ ಒಳಗೊಳಗೇ ಬ್ರೇಕ್ ಒತ್ತುತ್ತಿಲ್ಲ ತಾನೆ, ಡಾಕ್ಟ್ರೇ?”

“ಇಲ್ಲಮ್ಮ. ಗಾಡಿ ಪೂರ್ತಿ ಅವರ ಕೈಯಲ್ಲೇ ಇದೆ.”

“ಕ್ಲಚ್ ನಿಧಾನಕ್ಕೆ ಬಿಡಿ ಸಾರ್,” ಎಂದು ಅವಳು ಗಂಡನ ಕಿವಿಯಲ್ಲಿ ಹೇಳಿದಳು. ಅವನ ಕಣ್ಣುಗಳು ನಕ್ಕವು. ಅರ್ಧ ಗಂಟೆ ಎದೆ ಒಂದೇ ಸಮನೆ ಏರಿಳಿಯಿತು.

“ತೆಗೆಸಿಬಿಡೇ,” ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ. “ನನ್ ಮಗನ ಬಾಯಿಗೆ ಬೀಗ ಹಾಕ್ದಂಗಿದೆ. ಹುಟ್ಟಿದಾಗಿಂದ ಇಷ್ಟು ಹೊತ್ತು ಸುಮ್ನಿದ್ದೋನಲ್ಲ ಅವನು.”

ಒಂದು ಪರೀಕ್ಷೆ ಉಳಿದಿತ್ತು. ನರ್ಸು ಕೊಳವೆಯನ್ನು ಯಂತ್ರದಿಂದ ಬಿಡಿಸಿ, ಅದರ ತುದಿಯ ಮುಂದೆ ಬಿಳಿ ಕಾರ್ಡೊಂದನ್ನು ಹಿಡಿದಳು. “ಕೆಮ್ಮಿ ಅಣ್ಣ. ಜೋರಾಗಿ. ಕಾರ್ಡು ಒದ್ದೆಯಾಗ್ಬೇಕು.”

ಕೆಮ್ಮಿದರೆ ಕೆಳಗಿನ ಮನೆಯವರು ಎದ್ದು ಕೂರುತ್ತಿದ್ದಂಥ ಗಂಟಲು. ಮತ್ತೆ ಮತ್ತೆ ಕೆಮ್ಮಿದ. ಕಾರ್ಡಿನ ಮೇಲೆ ಒಂದು ತೇವದ ಚುಕ್ಕೆಯೂ ಮೂಡಲಿಲ್ಲ.

“ಉಸಿರಿದೆ, ಕೆಮ್ಮಿಗೆ ಬಲ ಇಲ್ಲ,” ಎಂದರು ಡಾಕ್ಟರು. “ಕಫ ಒಳಗೇ ಕಟ್ಟಿಕೊಂಡ್ರೆ ಮತ್ತೆ ಕೊಳವೆ ಹಾಕ್ಬೇಕಾಗುತ್ತೆ. ಅದು ಇನ್ನೂ ಅಪಾಯ. ನಾಳೆವರೆಗೆ ಕಾಯೋಣ ಅನ್ಸುತ್ತೆ. ನೀವೇನಂತೀರಿ?”

ಗಂಡ ಅವಳ ಕೈ ಹಿಡಿದು ಕೊಳವೆಯ ಕಡೆಗೆ ಎಳೆದ.

“ನಾಳೆ ರೀ,” ಎಂದಳು. “ಇವತ್ತೊಂದಿನ.”

ಅವನು ಕೈ ಬಿಟ್ಟು ಗೋಡೆಯ ಕಡೆ ಮುಖ ತಿರುಗಿಸಿದ.

ಮರುದಿನ ಜ್ವರ ಮತ್ತೆ ಏರಿತು. ಸೋಂಕು ಇನ್ನೊಂದು ಶ್ವಾಸಕೋಶಕ್ಕೂ ಹಬ್ಬಿತ್ತು. ನಿದ್ದೆಯ ಔಷಧಿ ಕೊಟ್ಟರು. ನಿನ್ನೆ ತೆಗೆದಿದ್ದರೂ ಹೀಗೇ ಆಗುತ್ತಿತ್ತು ಎಂದರು ಡಾಕ್ಟರು. ಅವಳು ತಲೆಯಾಡಿಸಿದಳು. ಅವನು ಮತ್ತೆ ಅವಳ ಕಡೆ ತಿರುಗಲಿಲ್ಲ.

ಆ ವಾರದ ಕೊನೆಗೆ ಹೋದ. ಕೊಳವೆ ತೆಗೆಯಲು ಈಗ ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ನರ್ಸು ಕೆನ್ನೆಯ ಪಟ್ಟಿಯನ್ನು ನೋವಾಗದ ಹಾಗೆ ಬಿಡಿಸಿ, ಕೊಳವೆ ಎಳೆಯುವಾಗಲೆಲ್ಲ ಹೇಳುವ ಅಭ್ಯಾಸಬಲದಿಂದ, “ಕೆಮ್ಮಿ ಅಣ್ಣ,” ಎಂದಳು. ಎಂದವಳೇ ತುಟಿ ಕಚ್ಚಿಕೊಂಡಳು.

ಹೆಂಡತಿ ಅವನ ಬಾಯಿಯನ್ನೇ ನೋಡುತ್ತ ಕಾದಳು.